ತೊಗರಿಯ ಹೊಲದಲ್ಲಿ ಅಹಿಂಸಾಣುವ್ರತ

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಸಂಯಮದ ದಿನ ನಡೆದ ಧರ್ಮಚರ್ಚೆಯಲ್ಲಿ ಒಬ್ಬ ತರುಣನು ಎದ್ದುನಿಂತು ಒಂದು ಪ್ರಶ್ನೆ ಕೇಳಿದನು. ನಾವು ರಾತ್ರಿ ಉಣ್ಣುವುದಿಲ್ಲ, ನೀರನ್ನು ಸೋಸಿ ಕುಡಿಯುತ್ತೇವೆ, ಕಂದಮೂಲಗಳನ್ನು ಬಿಟ್ಟಿದ್ದೇವೆ. ಆದರೆ ನಾವು ಎರಡು ಹೊತ್ತು ಉಣ್ಣುವ ತೊಗರಿಬೇಳೆಗಾಗಿ ಎಷ್ಟು ಜೀವಗಳು ಸಾಯುತ್ತವೆ ಎಂಬುದರ ಲೆಕ್ಕವನ್ನು ಯಾರಾದರೂ ಇಟ್ಟಿದ್ದಾರೆಯೇ ಎಂದು. ಸಭೆಯಲ್ಲಿದ್ದ ಹಿರಿಯರೊಬ್ಬರು, ಕೃಷಿಯಲ್ಲಿ ಹಿಂಸೆ ಅನಿವಾರ್ಯ, ಆದರೆ ಅದು ಒಕ್ಕಲಿಗನಿಗೆ ಸೇರಿದ್ದು, ಕೊಂಡು ಮಾರುವ ಶ್ರಾವಕನಿಗೆ ಅದರ ದೋಷ ತಟ್ಟುವುದಿಲ್ಲ ಎಂದು ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಒಪ್ಪಿಗೆಯಾಗಲಿಲ್ಲ. ಆದರೂ ಅಂದು ನಾನು ಸುಮ್ಮನೆ ಕುಳಿತೆನು. ಸುಮ್ಮನಿದ್ದುದಕ್ಕೆ ನನ್ನದೇ ಆದ ಕಾರಣವಿತ್ತು. ಅದನ್ನು ಈ ಲೇಖನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕೆಂದಿದ್ದೇನೆ.

ನನ್ನ ಊರು ಆಳಂದ ತಾಲೂಕಿನ ಹಿರೋಳ್ಳಿ. ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಎರೆಭೂಮಿಯ ಸೀಮೆ. ಮುಂಗಾರಿಗೆ ಬಿತ್ತಿದ ತೊಗರಿ ಎಳ್ಳಮಾವಾಸ್ಯೆಯ ಹೊತ್ತಿಗೆ ಕಾಯಿಗಟ್ಟಿ ನಿಂತಿರುತ್ತದೆ. ಜನರು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಆ ಬೆಳೆಯ ನಡುವೆಯೇ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಸುದ್ದಿ ಬಂದ ದಿನ ಪೇಟೆಯಲ್ಲಿ ಸಿಹಿ ಹಂಚಿದವರಲ್ಲಿ ನಾನೂ ಒಬ್ಬನು.

ನಮ್ಮ ತೀರ್ಥರೂಪರು ಧಾನ್ಯದ ಅಡತಿ ನಡೆಸುತ್ತಿದ್ದರು. ನಾನು ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕುಳಿತ ಮೇಲೆ ರೈತರಿಗೆ ಅನುಕೂಲವೆಂದು ಬೀಜ, ಗೊಬ್ಬರಗಳನ್ನೂ ಅವುಗಳ ಜೊತೆಗೆ ಕೀಟನಾಶಕದ ಡಬ್ಬಿಗಳನ್ನೂ ಇಡಲಾರಂಭಿಸಿದೆನು. ತೀರ್ಥರೂಪರಿಗೆ ಇದು ಮನಸ್ಸಿಗೆ ಬಂದಿರಲಿಲ್ಲ. ಆದರೆ ಅವರು ಬಾಯಿಬಿಟ್ಟು ಬೇಡವೆನ್ನಲಿಲ್ಲ, ನಾನೂ ಕೇಳಲಿಲ್ಲ.

೧೯೯೭ರ ಹಂಗಾಮು ನಮ್ಮ ಭಾಗದ ಹಿರಿಯರಿಗೆ ಮರೆಯುವಂತಹುದಲ್ಲ. ತೊಗರಿ ಹೂ ಬಿಡುವ ಕಾಲಕ್ಕೆ ಅಕಾಲದ ಮಳೆ, ಮೋಡ. ಹಿಂದೆಯೇ ಕಾಯಿಕೊರಕ ಹುಳು ಬಿತ್ತು. ನಮ್ಮ ಅಂಗಡಿಯ ಖಾತೆದಾರನಾದ ಒಬ್ಬ ರೈತನು ಆ ಹಂಗಾಮಿನಲ್ಲಿ ನಾಲ್ಕು ಸಲ ಔಷಧಿ ಒಯ್ದನು, ನಾಲ್ಕು ಸಲವೂ ಉದ್ದರಿ. ಒಂದು ಡಬ್ಬಿಗೆ ಹುಳು ಜಗ್ಗದಿದ್ದರೆ ಅದಕ್ಕಿಂತ ಬಲವಾದುದನ್ನು ಕೊಟ್ಟೆನು. ಅದಕ್ಕೂ ಜಗ್ಗದಿದ್ದರೆ ಎರಡನ್ನು ಕೂಡಿಸಿ ಹೊಡೆಯಲು ಹೇಳಿದೆನು. ಬೆಳೆ ಕೈಗೆ ಬರಲಿಲ್ಲ. ಪುಷ್ಯಮಾಸದಲ್ಲಿ ಅವನು ತನ್ನ ಎತ್ತುಗಳನ್ನು ಮಾರಿ, ಬಂದ ಹಣದಲ್ಲಿ ನನ್ನ ಬಾಕಿಯನ್ನು ಪೈಸೆ ಉಳಿಸದೆ ತೀರಿಸಿದನು. ನಾನು ರಸೀದಿ ಬರೆದುಕೊಟ್ಟೆನು. ಅದೇ ವರ್ಷ ಬೀದರ ಮತ್ತು ಗುಲಬರ್ಗಾ ಜಿಲ್ಲೆಗಳಲ್ಲಿ ತೊಗರಿ ಹೋಗಿ ಸಾಲದಲ್ಲಿ ಸಿಕ್ಕಿದ ರೈತರು ಪ್ರಾಣ ಕಳೆದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಒಂದರ ಮೇಲೊಂದು ಬಂದವು.

ನನ್ನ ಖಾತೆಕಿರ್ದಿಯನ್ನು ಯಾವ ಲೆಕ್ಕಪರಿಶೋಧಕರು ನೋಡಿದರೂ ತಪ್ಪು ಕಾಣುತ್ತಿರಲಿಲ್ಲ. ತೂಕದಲ್ಲಿ ಮೋಸವಿಲ್ಲ, ಬಡ್ಡಿ ಅತಿಯಿಲ್ಲ, ಕಲಬೆರಕೆಯಿಲ್ಲ. ಸತ್ಯಾಣುವ್ರತ, ಅಚೌರ್ಯಾಣುವ್ರತಗಳಿಗೆ ಭಂಗವಾಗಿಲ್ಲವೆಂದು ನಾನು ಎಣಿಸಿಕೊಂಡಿದ್ದೆನು. ಪಂಚಾಣುವ್ರತಗಳಲ್ಲಿ ಮೊದಲನೆಯದರ ಗತಿ ಏನಾಯಿತು ಎಂಬ ಪ್ರಶ್ನೆ ಬಹಳ ತಡವಾಗಿ ಬಂದಿತು.

ಗೃಹಸ್ಥನ ಹಿಂಸೆಯನ್ನು ನಮ್ಮ ಆಚಾರ್ಯ ಪರಂಪರೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡಬೇಕು. ಉಳಿದವುಗಳನ್ನು ಶಕ್ತ್ಯನುಸಾರ ಕಡಿಮೆ ಮಾಡುತ್ತ ಹೋಗಬೇಕು. ಈ ವಿಂಗಡಣೆಯನ್ನು ನಾವು ಬಹುತೇಕ ಒಂದು ರಿಯಾಯಿತಿಯ ಹಾಗೆ ಬಳಸಿಕೊಂಡಿದ್ದೇವೆ. ಉದ್ಯೋಗದ ಹಿಂಸೆ ಕ್ಷಮ್ಯವೆಂದು ಓದಿದವರು, ಅದನ್ನು ಕಡಿಮೆ ಮಾಡಬೇಕೆಂಬ ಮುಂದಿನ ಮಾತನ್ನು ಓದಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಹಿಂಸಾದಾನವನ್ನು, ಎಂದರೆ ಕೊಲ್ಲುವ ಸಾಧನವನ್ನು ಪರರ ಕೈಗೆ ಕೊಡುವುದನ್ನು ಸೇರಿಸಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನು ಬಿಡತಕ್ಕ ಕ್ರೂರ ಉದ್ಯೋಗಗಳನ್ನು ಎತ್ತಿಕೊಂಡಿದ್ದಾರೆ. ಕಾಡು ಕಡಿದು ಜೀವಿಸುವುದು, ಕಾಡಿಗೆ ಬೆಂಕಿ ಕೊಡುವುದು, ಕೆರೆಯನ್ನು ಬತ್ತಿಸುವುದು, ವಿಷದ ವ್ಯಾಪಾರ ಇವೆಲ್ಲ ಅಲ್ಲಿವೆ. ಅರಣ್ಯ ಇಲಾಖೆಯಾಗಲಿ ಪರಿಸರ ಶಾಸ್ತ್ರವಾಗಲಿ ಇಲ್ಲದ ಕಾಲದಲ್ಲಿ ಕಾಡು, ಕೆರೆ, ವಿಷ ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಕಂಡವರ ದೃಷ್ಟಿ ಎಷ್ಟು ದೂರ ಹೋಗಿತ್ತೆಂದು ವಾಚಕರು ಯೋಚಿಸಬೇಕು. ನಾನು ಈ ಗ್ರಂಥಗಳನ್ನು ಓದಿರಲಿಲ್ಲವೆಂದಲ್ಲ, ಓದಿದ್ದೆನು. ವಿಷವೆಂದರೆ ಹಾವಿನ ವಿಷ, ವತ್ಸನಾಭಿ ಎಂದು ತಿಳಿದಿದ್ದೆನು. ಡಬ್ಬಿಯ ಮೇಲೆ ಔಷಧಿ ಎಂಬ ಹೆಸರಿತ್ತು!

ಇನ್ನು ಕೃಷಿಯ ದೋಷ ಒಕ್ಕಲಿಗನದು ಎಂಬ ಮಾತು. ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಆದಿತೀರ್ಥಂಕರರು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳನ್ನು ವರ್ಣಿಸಿದ್ದಾರೆ: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಕೃಷಿಯೂ ವಾಣಿಜ್ಯವೂ ಅಲ್ಲಿ ಸಮಾನವಾಗಿ ಕುಳಿತಿವೆ. ನಡುವೆ ವಿದ್ಯೆ ಇದೆ. ನೇಗಿಲನ್ನು ಬಿಟ್ಟು ತಕ್ಕಡಿಯನ್ನು ಹಿಡಿದ ಮಾತ್ರಕ್ಕೆ ಹಿಂಸೆಯಿಂದ ದೂರ ಬಂದೆವೆಂದು ತಿಳಿಯುವುದು ಆತ್ಮವಂಚನೆ. ಕೃತ, ಕಾರಿತ, ಅನುಮೋದಿತಗಳೆಂದು ಮೂರು ಬಾಗಿಲುಗಳನ್ನು ಹೇಳಿದ ಧರ್ಮ ನಮ್ಮದು. ನನ್ನ ಅಂಗಡಿಯ ಬಾಗಿಲು ಎರಡನೆಯದು.

ಇಲ್ಲಿ ನಾನು ವಿಜ್ಞಾನದ ಕಡೆಗೆ ಬರುತ್ತೇನೆ. ಡಬ್ಬಿಗಳ ವ್ಯಾಪಾರವನ್ನು ೧೯೯೯ರಲ್ಲಿ ನಿಲ್ಲಿಸಿದ ಮೇಲೆ, ನಾನು ಮಾರಿದ್ದು ಏನು ಮಾಡಿತು ಎಂಬುದನ್ನಾದರೂ ತಿಳಿಯೋಣವೆಂದು ಕೃಷಿ ಸಂಶೋಧನಾ ಕೇಂದ್ರದವರ ಕೈಹೊತ್ತಿಗೆಗಳನ್ನು ಓದಲಾರಂಭಿಸಿದೆನು. ಅವುಗಳಲ್ಲಿದ್ದ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಈ ಕಾಯಿಕೊರಕ ಹುಳುವನ್ನು ಶಾಸ್ತ್ರಜ್ಞರು ಹೆಲಿಕೋವರ್ಪಾ ಎನ್ನುತ್ತಾರೆ. ಆಂಧ್ರದ ಹತ್ತಿಯ ಹೊಲಗಳಲ್ಲಿ ಅದು ಪೈರಿಥ್ರಾಯ್ಡ್ ಗುಂಪಿನ ವಿಷಗಳಿಗೆ ಜಗ್ಗದೆ ನಿಂತುದನ್ನು ೧೯೮೭ರಲ್ಲಿಯೇ ಗುರುತಿಸಲಾಗಿತ್ತು. ಸಾವಿರಾರು ಹುಳುಗಳಲ್ಲಿ ವಿಷವನ್ನು ತಾಳುವ ಗುಣವುಳ್ಳ ಕೆಲವು ಇರುತ್ತವೆ. ಉಳಿದವು ಸತ್ತು ಇವೇ ಉಳಿದು ಸಂತಾನ ಬೆಳೆಸುತ್ತವೆ. ಹೊಡೆದಷ್ಟೂ ತಾಳುವವರ ಸಂಖ್ಯೆ ಹೆಚ್ಚುತ್ತದೆ. ಮರಿಹುಳು ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಸಿಂಪಡಿಸಿದ ಹನಿ ಅದಕ್ಕೆ ಸರಿಯಾಗಿ ಮುಟ್ಟುವುದೂ ಇಲ್ಲ. ಎಲೆಯ ಮೇಲೆ ಓಡಾಡುವ ಜೇಡ, ಗುಲಗಂಜಿ ಹುಳು, ಮರಿಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಸಣ್ಣ ಕಣಜ, ಹೂವಿಗೆ ಬಂದ ಜೇನು ಇವು ಮೊದಲು ಸಾಯುತ್ತವೆ. ಅಂದರೆ ಹುಳುವನ್ನು ಹತೋಟಿಯಲ್ಲಿಡುತ್ತಿದ್ದ ಜೀವಗಳೇ ಹೋಗಿ ಹುಳು ಉಳಿಯುತ್ತದೆ. ನಾಲ್ಕನೆಯ ಡಬ್ಬಿಯನ್ನು ನಾನು ಆ ರೈತನಿಗೆ ಕೊಟ್ಟಾಗ ಅದು ಬೆಳೆ ಉಳಿಸಲಾರದೆಂಬ ತಿಳಿವಳಿಕೆ ಹತ್ತು ವರ್ಷದಷ್ಟು ಹಳೆಯದಾಗಿತ್ತು.

ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಗೊತ್ತುಮಾಡಿಕೊಳ್ಳಬಹುದಿತ್ತು, ಕೇಳಲಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣದ ಮೂಲದಲ್ಲಿ ಪ್ರಮಾದವನ್ನು ಇಟ್ಟಿದೆಯೆಂಬುದನ್ನು ಸ್ವಾಧ್ಯಾಯ ಮಾಡುವವರೆಲ್ಲ ಬಲ್ಲರು. ಪ್ರಮಾದವೆಂದರೆ ಬರಿಯ ಕಾಲಡಿಯ ಇರುವೆಯನ್ನು ನೋಡದಿರುವುದಲ್ಲ. ತಿಳಿಯಲು ಸಾಧ್ಯವಿದ್ದುದನ್ನು ಲಾಭದ ಅವಸರದಲ್ಲಿ ತಿಳಿಯದಿರುವುದೂ ಪ್ರಮಾದವೇ. ರತ್ನತ್ರಯದಲ್ಲಿ ಸಮ್ಯಕ್ ಚಾರಿತ್ರಕ್ಕಿಂತ ಮೊದಲು ಸಮ್ಯಗ್ ಜ್ಞಾನ ಬರುತ್ತದೆ. ಆ ಜ್ಞಾನ ಮುಖ್ಯವಾಗಿ ಆತ್ಮತತ್ತ್ವದ್ದು, ಸರಿ. ಆದರೆ ಯಾವ ಜೀವ ಎಲ್ಲಿದೆ, ಹೇಗೆ ಹುಟ್ಟುತ್ತದೆ, ಯಾವುದರಿಂದ ಸಾಯುತ್ತದೆ ಎಂಬುದನ್ನು ಅರಿಯದವನು ಜೀವದಯೆಯನ್ನು ಆಚರಿಸುವುದು ಹೇಗೆ? ನಮ್ಮ ಪೂರ್ವಿಕರು ಹಿಟ್ಟಿಗೆ ಛಳಿಗಾಲದಲ್ಲಿ ೭ ದಿನ, ಬೇಸಿಗೆಯಲ್ಲಿ ೫ ದಿನ, ಮಳೆಗಾಲದಲ್ಲಿ ೩ ದಿನ ಎಂದು ಮರ್ಯಾದೆ ಹಾಕಿದರು. ಮಳೆಗಾಲದ ತೇವದಲ್ಲಿ ಹುಳು ಬೇಗ ಹುಟ್ಟುವುದನ್ನು ಕಣ್ಣಿಟ್ಟು ನೋಡಿದವರಲ್ಲದೆ ಹೀಗೆ ದಿನ ಎಣಿಸಲಾರರು. ಅದು ಅವರ ಕಾಲದ ಸಂಶೋಧನೆ. ಅದನ್ನು ನಾವು ಆಚಾರವೆಂದು ಉಳಿಸಿಕೊಂಡೆವು, ನೋಡುವ ಅಭ್ಯಾಸವನ್ನು ಮಾತ್ರ ಬಿಟ್ಟೆವು.

ಈಗಿನ ಸಂಶೋಧಕರು ಹೇಳುವ ಉಪಾಯಗಳಲ್ಲಿ ಒಂದನ್ನು ನಾನು ಹೊಲದಲ್ಲಿ ನಿಂತು ನೋಡಿದ್ದೇನೆ. ಸಾಲುಗಳ ನಡುವೆ ಒಂದು ಅರಿವೆಯನ್ನು ಎಳೆಯುತ್ತ, ಗಿಡಗಳನ್ನು ಮೆಲ್ಲಗೆ ಅಲುಗಿಸುತ್ತ ಹೋಗುತ್ತಾರೆ. ಹುಳುಗಳು ಅರಿವೆಯ ಮೇಲೆ ಬೀಳುತ್ತವೆ. ನಮ್ಮ ಭಾಗದಲ್ಲಿ ಇದು ಹಳೆಯ ಪದ್ಧತಿಯೇ. ಸಂಶೋಧಕರು ಅದನ್ನು ಪರೀಕ್ಷಿಸಿ, ಫಲವುಂಟೆಂದು ಕಂಡು ಮತ್ತೆ ಬಳಕೆಗೆ ತಂದರು. ಜೇನು, ಜೇಡಗಳಿಗೆ ಇದರಿಂದ ವಿಷಬಾಧೆಯಿಲ್ಲ, ಮಣ್ಣಿಗೂ ನೀರಿಗೂ ಇಲ್ಲ, ರೈತನಿಗೆ ಸಾಲವೂ ಇಲ್ಲ. ಆದರೆ ಅರಿವೆಯ ಮೇಲೆ ರಾಶಿಯಾಗಿ ಹೊರಳುವ ಆ ಹಸಿರು ಜೀವಗಳನ್ನು ಏನು ಮಾಡುವುದು? ಕೋಳಿಗೆ ಹಾಕುತ್ತಾರೆ, ಅಥವಾ ಆ ಜಾತಿಯ ಹುಳುವಿಗೆ ಮಾತ್ರ ತಗಲುವ ಎನ್.ಪಿ.ವಿ. ಎಂಬ ನಂಜಾಣುವನ್ನು ಬೆಳೆಸಲು ಬಳಸುತ್ತಾರೆ. ಸಿಂಪಡಿಸುವ ಯಂತ್ರ ಯಾವುದನ್ನು ಬಚ್ಚಿಡುತ್ತದೆಯೋ ಅದನ್ನು ಈ ಅರಿವೆ ಎದುರಿಗೆ ಹರಡಿ ತೋರಿಸುತ್ತದೆ. ಅಂದು ನನ್ನ ಜೊತೆಗಿದ್ದ ಶ್ರಾವಕ ಮಿತ್ರರೊಬ್ಬರು ಮುಖ ತಿರುಗಿಸಿ, ಇದಕ್ಕಿಂತ ಔಷಧಿಯೇ ಮೇಲು ಎಂದುಬಿಟ್ಟರು. ಕಣ್ಣಿಗೆ ಕಾಣದ ಸಾವು ಕಂಡ ಸಾವಿಗಿಂತ ಹಗುರವೆಂಬ ಈ ಭಾವನೆ ನಮ್ಮ ಸಮಾಜದಲ್ಲಿ ಬಹಳ ಆಳವಾಗಿದೆ.

ನಾನು ಆ ಅರಿವೆಯನ್ನು ಅಹಿಂಸೆ ಎಂದು ಕರೆಯುವುದಿಲ್ಲ. ಹಾಗೆ ಕರೆದರೆ ಸುಳ್ಳಾದೀತು. ಅದು ಕಡಿಮೆ ಹಿಂಸೆ. ಹೆಚ್ಚು ಕಡಿಮೆಗಳ ಈ ಭೇದವನ್ನು ಎಣಿಸುವುದೇ ಅಣುವ್ರತದ ಅರ್ಥ. ಎಣಿಸಬೇಕಾಗಿಲ್ಲದವರು ಮಹಾವ್ರತಿಗಳು ಮಾತ್ರ. ಹೊಲದಲ್ಲಿ ಕವಲುಗೂಟ ನೆಟ್ಟು ಕಾಜಾಣ, ಗೊರವಂಕಗಳು ಕೂರಲು ಎಡೆ ಮಾಡುವ ಉಪಾಯದ ಬಗೆಗೂ ನನಗೆ ಸಂದೇಹವಿತ್ತು. ಗೂಟ ನೆಟ್ಟವನು ಹಕ್ಕಿಗೆ ಹಸಿವನ್ನು ಕೊಡಲಿಲ್ಲ ನಿಜ, ಆದರೆ ಕುಳಿತು ತಿನ್ನಲು ಸ್ಥಳ ಕೊಟ್ಟನು. ಕಾರಿತ ದೋಷ ಇಲ್ಲವೆಂದು ನಾನು ಹೇಳಲಾರೆನು. ಆದರೂ ಅಲ್ಲಿ ಮೊದಲು ಮರಗಳಿದ್ದವು, ನಾವು ಕಡಿದೆವು. ಗೂಟವು ಆ ಮರದ ಒಂದು ಬಡ ಪ್ರತಿನಿಧಿ ಎಂದು ಯೋಚಿಸಿದಾಗ ಮನಸ್ಸು ಸ್ವಲ್ಪ ಹಗುರವಾಗುತ್ತದೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಒಪ್ಪಿದುದು ಕೊಲ್ಲುವ ಪ್ರಸಂಗವೇ ಬಾರದಂತೆ ಮಾಡುವ ಸಂಶೋಧನೆ. ತೊಗರಿಗೆ ನೆಟೆರೋಗವೆಂಬುದೊಂದಿದೆ, ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನ ಮೂಲಕ ಹೊಕ್ಕು ನಿಂತ ಗಿಡವನ್ನು ಒಣಗಿಸುತ್ತದೆ. ಹೈದರಾಬಾದಿನ ಹತ್ತಿರದ ಪಟನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯವರು ಒಂದು ನಾಡತಳಿಯಿಂದ ಈ ರೋಗವನ್ನು ತಾಳುವ ಗಿಡವನ್ನು ಆರಿಸಿ ಬೆಳೆಸಿದರು. ಅದು ೧೯೮೬ರಲ್ಲಿ ಮಾರುತಿ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ನಮ್ಮ ಜಿಲ್ಲೆಗಳ ತೊಗರಿ ಭೂಮಿಯ ಬಹುಭಾಗವನ್ನು ಅದು ಆವರಿಸಿತು. ಒಂದು ಹನಿ ವಿಷವಿಲ್ಲದೆ ರೋಗ ಹಿಂದೆ ಸರಿಯಿತು. ಯಾರೋ ಅನಾಮಧೇಯ ರೈತರು ತಲೆತಲಾಂತರದಿಂದ ಕಾಪಾಡಿದ ಒಂದು ನಾಡತಳಿ ಉಳಿದಿದ್ದುದರಿಂದ ಇದು ಸಾಧ್ಯವಾಯಿತು. ಅದು ಅಳಿದುಹೋಗಿದ್ದರೆ ಯಾವ ಪ್ರಯೋಗಶಾಲೆಯೂ ಆ ಗುಣವನ್ನು ಹೊಸದಾಗಿ ಸೃಷ್ಟಿಸುತ್ತಿರಲಿಲ್ಲ. ಜೀವವೈವಿಧ್ಯ ಎಂಬ ಶಬ್ದವನ್ನು ನಾನು ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೆನು. ಅದರ ಅರ್ಥ ಮಾರುತಿಯ ಕಥೆಯಿಂದ ತಿಳಿಯಿತು.

ಆದರೆ ಒಂದೇ ತಳಿ ಊರೆಲ್ಲ ತುಂಬಿದರೆ ಅದೂ ಅಪಾಯವೇ. ೨೦೨೨ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ಮತ್ತೆ ನೆಟೆರೋಗಕ್ಕೆ ಸಿಕ್ಕಿ ಹೊಲಗಳು ಕಾಯಿಗಟ್ಟುವ ಕಾಲಕ್ಕೆ ಒಣಗಿ ನಿಂತವು. ಹಿಂದೆ ನಮ್ಮ ಹಿರಿಯರು ತೊಗರಿಯ ನಡುವೆ ಜೋಳ ಹಾಕುತ್ತಿದ್ದರು, ಎಳ್ಳು, ಹೆಸರು, ಉದ್ದು ಬಿತ್ತುತ್ತಿದ್ದರು. ಜೋಳದೊಡನೆ ಬೆಳೆದ ತೊಗರಿಯಲ್ಲಿ ನೆಟೆರೋಗ ಕಡಿಮೆಯೆಂಬುದನ್ನು ಅದೇ ಪಟನ್‌ಚೆರುವಿನ ಸಂಶೋಧಕರು ೧೯೮೦ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಬೇಳೆಯ ಬೆಲೆ ಏರಿದಂತೆ ಜೋಳದ ಸಾಲುಗಳು ಹೋದವು. ಬೆಲೆ ಏರಿಸಿದವರು ಯಾರು, ವರ್ತಕರಾದ ನಾವು ಅದರಲ್ಲಿ ಇರಲಿಲ್ಲವೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಪಟನ್‌ಚೆರುವಿನ ಬೀಜಭಂಡಾರದಲ್ಲಿ ತೊಗರಿಯದೇ ೧೩,೦೦೦ಕ್ಕೂ ಹೆಚ್ಚು ಮಾದರಿಗಳನ್ನು ತಂಪಿನಲ್ಲಿ ಕಾಪಾಡಿ ಇಡಲಾಗಿದೆ. ಅವುಗಳ ನಡುವೆ ಕಾಡುತೊಗರಿಯ ಬಗೆಗಳೂ ಇವೆ. ನಾವು ಬೆಳೆಯುವ ತೊಗರಿಗೆ ಅತಿ ಹತ್ತಿರದ ಕಾಡುಬಂಧು ಒಡಿಶಾ ಮತ್ತು ಬಸ್ತರಿನ ಅರಣ್ಯಗಳಲ್ಲಿ ತಾನಾಗಿ ಬೆಳೆಯುತ್ತದೆ. ಆ ಕಾಡುಗಿಡದ ಒಂದು ಗುಣವನ್ನು ಆಧರಿಸಿ ಸಿದ್ಧವಾದ ಸಂಕರ ತೊಗರಿ ೨೦೧೦ರಲ್ಲಿ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಇನ್ನೊಂದು ಕಾಡುಬಗೆಯ ಕಾಯಿಯ ಮೇಲೆ ದಟ್ಟವಾದ ರೋಮಗಳಿದ್ದು, ಮರಿಹುಳುವಿಗೆ ಕಾಯಿಯನ್ನು ಮುಟ್ಟಲೇ ಆಗುವುದಿಲ್ಲವೆಂದು ಕಂಡುಕೊಂಡಿದ್ದಾರೆ. ಆ ಗುಣ ಹೊಲದ ತೊಗರಿಗೆ ಬಂದರೆ ಡಬ್ಬಿಯೂ ಬೇಡ, ಅರಿವೆಯೂ ಬೇಡ. ಇನ್ನೂ ಪೂರ್ತಿ ಕೈಗೂಡಿಲ್ಲ. ೨೦೧೧ರಲ್ಲಿ ತೊಗರಿಯ ವಂಶವಾಹಿಗಳ ಸಮಗ್ರ ನಕ್ಷೆ ಪ್ರಕಟವಾದ ಮೇಲೆ ಇಂತಹ ಹುಡುಕಾಟ ಸುಲಭವಾಗಿದೆ ಎನ್ನುತ್ತಾರೆ. ಬಸ್ತರಿನ ಕಾಡಿನ ಒಂದು ಪೊದೆಯು ಹಿರೋಳ್ಳಿಯ ಹೊಲದಲ್ಲಿ ಜೀವಗಳನ್ನು ಉಳಿಸಬಲ್ಲದು ಎಂದ ಮೇಲೆ, ದೂರದ ಕಾಡಿಗೂ ನನಗೂ ಸಂಬಂಧವಿಲ್ಲವೆಂದು ಹೇಳುವುದು ಹೇಗೆ? ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆ ಎಂಬ ತತ್ತ್ವವನ್ನು ನಮ್ಮ ಲಾಂಛನದ ಕೆಳಗೆ ಬರೆಯಿಸುತ್ತೇವೆ. ಅದನ್ನು ಬರೆಯಿಸಿದವರು ಒಮ್ಮೆ ಬೀಜಭಂಡಾರವನ್ನೂ ನೋಡಿಬರುವುದು ಒಳ್ಳೆಯದು.

ನಮ್ಮ ಜಿಲ್ಲೆಯಲ್ಲಿ ಕಾಡು ಅತಿ ಕಡಿಮೆ. ಇದ್ದುದರಲ್ಲಿ ದೊಡ್ಡದು ಚಿಂಚೋಳಿಯದು. ಸುಮಾರು ೧೩೫ ಚದರ ಕಿಲೋಮೀಟರು. ಅದು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಒಣಭೂಮಿಯ ಕಾಡೆಂದು ಬಹಳ ಜನ ಅದನ್ನು ಕಾಡೆಂದೇ ಗಣಿಸುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಗಳಲ್ಲಿ ಅಷ್ಟೂ ಇಲ್ಲ. ಇಲ್ಲಿ ಕಾಡೆಂದರೆ ಬದುವಿನ ಬೇವು, ಹಳ್ಳದ ದಂಡೆಯ ಜಾಲಿ, ದೇವಸ್ಥಾನದ ಹಿಂದಿನ ಆಲ. ಹೊಲದ ಕಣಜಕ್ಕೂ ಕಾಜಾಣಕ್ಕೂ ಮನೆ ಅದೇ.

ಇಷ್ಟು ಹೇಳಿದ ಮಾತ್ರಕ್ಕೆ ವಿಜ್ಞಾನವೆಲ್ಲ ಪುಣ್ಯಕರವೆಂದು ನಾನು ಸಾರುತ್ತಿಲ್ಲ. ನಾನು ಮಾರಿದ ಡಬ್ಬಿಗಳೂ ಯಾವುದೋ ಪ್ರಯೋಗಶಾಲೆಯಿಂದಲೇ ಬಂದವು. ಕಾಸರಗೋಡಿನ ಕನ್ನಡಿಗರನ್ನು ಕೇಳಿದರೆ ತಿಳಿಯುತ್ತದೆ: ಅಲ್ಲಿಯ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, ೨೦೦೦ದ ವರೆಗೆ, ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸುರಿದರು. ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದದ್ದು ೨೦೧೧ರ ಮೇ ತಿಂಗಳಲ್ಲಿ. ವಸ್ತುವನ್ನು ತಯಾರಿಸುವ ವಿದ್ಯೆ ಬೇರೆ. ಅದು ಜೀವಗಳಿಗೆ ಏನು ಮಾಡಿತೆಂದು ತಾಳ್ಮೆಯಿಂದ ಎಣಿಸುವ ವಿದ್ಯೆ ಬೇರೆ. ಮೊದಲನೆಯದಕ್ಕೆ ವ್ಯಾಪಾರಿಗಳ ಹಣ ತಾನಾಗಿ ಸಿಗುತ್ತದೆ, ಎರಡನೆಯದಕ್ಕೆ ಯಾರೂ ಕೊಡುವುದಿಲ್ಲ. ಎರಡನೆಯದರಲ್ಲಿಯೂ ಕೀಟಗಳನ್ನು ಹಿಡಿದು ಕೊಂದು ಪರೀಕ್ಷಿಸುವುದುಂಟು, ಅದಕ್ಕೆ ಶ್ರಾವಕನ ದ್ರವ್ಯ ಸಲ್ಲಬಹುದೇ ಎಂದು ಒಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊಲ್ಲದೆ ನಡೆಯುವ ಕೆಲಸಗಳು ಸಾಕಷ್ಟಿವೆ. ಬೀಜ ಕಾಪಾಡುವುದು, ತಳಿ ಆರಿಸುವುದು, ಮಿಶ್ರಬೆಳೆಯ ಪ್ರಯೋಗ, ಹಕ್ಕಿಗಳ ಗಣತಿ. ಅವುಗಳಿಗೆ ಕೊಡೋಣ ಎಂದೆನು. ಉಳಿದುದರ ಬಗೆಗೆ ನನ್ನ ಮನಸ್ಸಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಈಗ ಟ್ರಸ್ಟುಗಳ ಮಾತು. ನಾನು ಸದಸ್ಯನಾಗಿರುವ ಒಂದು ಬಸದಿಯ ಟ್ರಸ್ಟಿಗೆ ಹಿರಿಯರು ದಾನವಿತ್ತ ಒಂದಿಷ್ಟು ಎರೆಭೂಮಿ ಇದೆ. ಅದನ್ನು ಪ್ರತಿವರ್ಷ ಹೆಚ್ಚು ಕೂಗಿದವರಿಗೆ ಲಾವಣಿಗೆ ಕೊಡುತ್ತೇವೆ. ಒಂದೇ ವರ್ಷದ ಲಾವಣಿಯಾದ್ದರಿಂದ ಹಿಡಿದವನು ಜೋಳದ ಸಾಲು ಬಿಡುವುದಿಲ್ಲ, ಬದುವಿನ ಗಿಡ ಉಳಿಸುವುದಿಲ್ಲ, ಕೊಟ್ಟ ಹಣ ಹಿಂದೆ ಬರಲೆಂದು ಎಷ್ಟು ಬೇಕೋ ಅಷ್ಟು ವಿಷ ಹೊಡೆಯುತ್ತಾನೆ. ಆ ಹಣದಿಂದ ನಾವು ನಿತ್ಯ ಅಭಿಷೇಕದ ಹಾಲು ತರುತ್ತೇವೆ. ಅವನನ್ನು ದೂರಿ ಫಲವಿಲ್ಲ. ಕರಾರು ಬರೆದವರು ನಾವು.

ಕಳೆದ ಸಭೆಯಲ್ಲಿ ನಾನು ಒಂದು ಸೂಚನೆ ಇಟ್ಟೆನು: ಲಾವಣಿಯನ್ನು ಐದು ವರ್ಷಕ್ಕೆ ಮಾಡಬೇಕು, ಜೋಳದ ಮಿಶ್ರಬೆಳೆ, ರೋಗ ತಾಳುವ ಎರಡು ಮೂರು ತಳಿಗಳು, ಬದುವಿನ ಮೇಲೆ ಬೇವು ಹೊಂಗೆ, ಇವುಗಳ ಕರಾರಿಗೆ ಒಪ್ಪಿದವನಿಗೆ ಹಣ ಕಡಿಮೆ ಮಾಡಬೇಕು, ಬಿತ್ತುವ ಮುಂಚೆ ಕೃಷಿ ಸಂಶೋಧನಾ ಕೇಂದ್ರದವರನ್ನು ಹೊಲಕ್ಕೆ ಕರೆಸಬೇಕು. ಇಬ್ಬರು ಒಪ್ಪಿದರು. ಒಬ್ಬರು, ಪೂಜೆಯ ಉತ್ಪನ್ನ ಕಡಿಮೆಯಾದರೆ ಅದರ ದೋಷ ಯಾರಿಗೆ ಎಂದು ಕೇಳಿದರು. ಕಡಿಮೆಯಾಗುವ ಮೊತ್ತವೆಷ್ಟು, ಅದನ್ನು ಯಾರು ತುಂಬಿಕೊಡುವರು ಎಂಬುದನ್ನು ಬರೆದು ತರಬೇಕೆಂದು ಅಧ್ಯಕ್ಷರು ಹೇಳಿದರು. ಲೆಕ್ಕವನ್ನು ಬರೆದಿಟ್ಟಿದ್ದೇನೆ. ತುಂಬಿಕೊಡುವವರ ಕಾಲಂನಲ್ಲಿ ಸದ್ಯಕ್ಕೆ ನನ್ನ ಹೆಸರೊಂದೇ ಇದೆ. ಮುಂದಿನ ಸಭೆ ಅಕ್ಷಯತೃತೀಯೆಯ ಮರುದಿನ.